ಬೆತ್ತ ಬಿಡದ ಮೇಷ್ಟ್ರು

ನಮಸ್ಕಾರ. ಇವತ್ತು ಒಬ್ಬ ಮೇಷ್ಟ್ರ ವಿಷಯ. ಹೆಸರು ಜೂಲಿಯಸ್ ನ್ಯೆರೆರೆ. ಟಾಂಜಾನಿಯಾ ದೇಶವನ್ನು ಕಟ್ಟಿದವರು. ಅಲ್ಲಿಯ ಜನ ಈಗಲೂ ಅವರನ್ನು ‘ಮ್ವಾಲಿಮು’ ಅಂತಾರೆ. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಎಲ್ಲರೂ ಇದನ್ನು ಪ್ರೀತಿಯ ಬಿರುದು ಅನ್ನುತ್ತಾರೆ. ನನಗೆ ಅದರಲ್ಲಿ ಒಂದು ದೂರೂ ಕೇಳಿಸುತ್ತದೆ.

ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರದ ಕಡೆಯ ಬುಟಿಯಾಮಾ ಹಳ್ಳಿಯಲ್ಲಿ. ಅಪ್ಪ ಝನಾಕಿ ಬುಡಕಟ್ಟಿನ ಯಜಮಾನ. ಆತನಿಗೆ 22 ಹೆಂಡತಿಯರು, ಇವರ ಅಮ್ಮ ಐದನೆಯವರು. ಮಗು ಹುಟ್ಟಿದಾಗ ಜೋರು ಮಳೆಯಂತೆ. ಅದಕ್ಕೇ ಮಳೆಯ ದೈವದ ಹೆಸರಿಟ್ಟರು, ಕಂಬರಾಗೆ ಅಂತ. ಜೂಲಿಯಸ್ ಅನ್ನುವುದು ದೊಡ್ಡವರಾಗಿ ಕ್ರೈಸ್ತರಾದಾಗ ಬಂದ ಹೆಸರು. ಹುಡುಗ ಆಡು ಮೇಯಿಸಿಕೊಂಡಿದ್ದ. ಶಾಲೆಗೆ ಹೋಗಿದ್ದೇ 12ನೇ ವಯಸ್ಸಿಗೆ. ಪಂಗಡದ ವಾಡಿಕೆಯಂತೆ ಮೇಲಿನ ಮುಂದಿನ ಹಲ್ಲುಗಳನ್ನು ಉಜ್ಜಿ ಚೂಪು ಮಾಡಿದ್ದರು. ಅವರು ನಗುತ್ತಿರುವ ಫೋಟೋ ಸಿಕ್ಕರೆ ಸ್ವಲ್ಪ ದೊಡ್ಡದು ಮಾಡಿ ನೋಡಿ.

ಮುಂದೆ ಉಗಾಂಡಾದ ಮಕೆರೆರೆಯಲ್ಲಿ ಶಿಕ್ಷಕ ತರಬೇತಿ, ಟಬೋರಾದಲ್ಲಿ ಪಾಠ, ಆಮೇಲೆ ಎಡಿನ್‌ಬರೋದಲ್ಲಿ ಎಂಎ. 1952ರಲ್ಲಿ ವಾಪಸ್ ಬಂದು, ದಾರ್ ಎಸ್ ಸಲಾಮ್ ಹತ್ತಿರದ ಪುಗು ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ವಿದೇಶದ ಡಿಗ್ರಿ, ಖಾಯಂ ಸಂಬಳ, ಮನೆಯಲ್ಲಿ ಚಿಕ್ಕ ಮಕ್ಕಳು. ನಮ್ಮಲ್ಲಾದರೆ ‘ಸೆಟಲ್ ಆದ’ ಅನ್ನುತ್ತಿದ್ದೆವು, ಅಲ್ವಾ?

ಆದರೆ 1954ರ ಜುಲೈ 7ರಂದು ಟಾನು ಪಕ್ಷ ಹುಟ್ಟಿತು, ಇವರೇ ಅಧ್ಯಕ್ಷ. ಮರುವರ್ಷ ನ್ಯೂಯಾರ್ಕ್‌ಗೆ ಹೋಗಿ ವಿಶ್ವಸಂಸ್ಥೆಯ ಮುಂದೆ, ಆಗ ಬ್ರಿಟಿಷರ ಕೈಯಲ್ಲಿದ್ದ ಟ್ಯಾಂಗನ್ಯೀಕಾದ (ಇಂದಿನ ಟಾಂಜಾನಿಯಾದ ಮುಖ್ಯ ಭಾಗ) ಸ್ವಾತಂತ್ರ್ಯ ಕೇಳಿದರು. ಆಡು ಮೇಯಿಸುತ್ತಿದ್ದವನು, ಅದೇ ಚೂಪು ಹಲ್ಲಿನ ಬಾಯಲ್ಲಿ. ವಾಪಸ್ ಬಂದಾಗ ಶಾಲೆಯವರದು ಒಂದೇ ಮಾತು: ಪಾಠವೋ, ರಾಜಕೀಯವೋ? ರಾಜೀನಾಮೆ ಬರೆದರು.

ಸಂಬಳ ಬಿಟ್ಟರು, ನಿಜ. ಮೇಷ್ಟ್ರ ಬುದ್ಧಿ ಬಿಡಲಿಲ್ಲ ಅನ್ನುವುದೇ ನನ್ನ ವಾದ. ಅದರ ಒಳ್ಳೆಯ ಮುಖ ನೋಡಿ: ದೇಶ ಆಳುತ್ತಲೇ ಕೂತು ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದರು. ನಮ್ಮ ನುಡಿಗೆ ಇದು ಒಗ್ಗುತ್ತೆ ಅಂತ ಮಾಡಿ ತೋರಿಸುವ ಹಟ. ಇನ್ನೊಂದು ಮುಖ ಕ್ಲಾಸ್‌ರೂಮಿನದು. ಎದುರು ಮಾತಾಡುವವರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕುವ ಕಾನೂನು 1962ರಲ್ಲೇ ಬಂತು. 1965ಕ್ಕೆ ಒಂದೇ ಪಕ್ಷ. ಎಪ್ಪತ್ತರ ದಶಕದಲ್ಲಿ ಲಕ್ಷಾಂತರ ರೈತರನ್ನು ಎಬ್ಬಿಸಿ ಹೊಸ ಹಳ್ಳಿಗಳಲ್ಲಿ ಕೂರಿಸಿದರು, ಬೆಂಚು ಬದಲಿಸಿದ ಹಾಗೆ. ಬೇಸಾಯ ಹಾಳಾಯಿತು.

ನನ್ನನ್ನು ಕಾಡುವುದು ಮಾತ್ರ 1962ರ ಜನವರಿ. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತಷ್ಟೇ. ತಾವು ಕೂತಿದ್ದ ಪ್ರಧಾನಿ ಕುರ್ಚಿಯನ್ನು ತಮ್ಮದೇ ಪಕ್ಷದ ರಶೀದಿ ಕವಾವಾ ಕೈಗೆ ಕೊಟ್ಟು, ಪಕ್ಷ ಕಟ್ಟುತ್ತೇನೆ ಅಂತ ಹಳ್ಳಿಗಳ ಕಡೆ ಹೊರಟುಬಿಟ್ಟರು. ಅಂಥವರು ಅದೇ ಡಿಸೆಂಬರಿನಲ್ಲಿ ಅಧ್ಯಕ್ಷರಾಗಿ ಬಂದು ಕೂತರು. ಆಮೇಲೆ ಎದ್ದಿದ್ದು 1985ಕ್ಕೆ.