ಹಣದುಬ್ಬರ ಇಳಿದರೂ ಬೇಳೆಯ ಬೆಲೆ ಏಕೆ ಇಳಿಯುವುದಿಲ್ಲ?

ನಮಸ್ಕಾರ. ಇಂಗ್ಲಿಷ್ ಸುದ್ದಿಯಲ್ಲಿ ‘ಇನ್‌ಫ್ಲೇಶನ್ ಈಸಸ್’ ಎಂಬ ತಲೆಬರಹ ಬಂದ ದಿನ ಕಿರಾಣಿ ಅಂಗಡಿಗೆ ಹೋದರೆ ತೊಗರಿಬೇಳೆಯ ಬೆಲೆ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಸುಳ್ಳು ಹೇಳುತ್ತಿರುವವರು ಸುದ್ದಿಯವರೋ ಅಂಗಡಿಯವರೋ ಎಂಬುದು ವೀಕ್ಷಕರ ಪ್ರಶ್ನೆ. ಇಬ್ಬರೂ ಅಲ್ಲ.

ಇನ್‌ಫ್ಲೇಶನ್ ಎಂದರೆ ಹಣದುಬ್ಬರ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ನಿಲ್ಲುವುದಿಲ್ಲ. ತೊಡಕು ಇರುವುದು ಅದರ ಪಕ್ಕದ ಕ್ರಿಯಾಪದದಲ್ಲಿ. ಈಸ್, ಕೂಲ್, ಸ್ಲೋ, ಮಾಡರೇಟ್ ಎಂಬ ಪದಗಳು ಅಲ್ಲಿ ಹೇಳುವುದು ಬೆಲೆಯ ಸುದ್ದಿಯನ್ನಲ್ಲ, ಬೆಲೆ ಏರುವ ವೇಗದ ಸುದ್ದಿಯನ್ನು.

(ಪರದೆಯ ಮೇಲೆ: ಶಿರಾಡಿ ಘಾಟಿಯ ತಿರುವು)

ಮಂಗಳೂರಿನಿಂದ ಸಕಲೇಶಪುರದ ಕಡೆಗೆ ಸರಕು ತುಂಬಿದ ಲಾರಿಯೊಂದು ಹೊರಟಿದೆ ಎಂದುಕೊಳ್ಳಿ. ಗುಂಡ್ಯ ದಾಟಿ ಏರು ಶುರುವಾದೊಡನೆ ಚಾಲಕ ಗೇರ್ ಇಳಿಸುತ್ತಾನೆ, ಗಂಟೆಗೆ 40 ಕಿಲೋಮೀಟರ್ ಇದ್ದ ವೇಗ 15ಕ್ಕೆ ಬರುತ್ತದೆ, ಹಿಂದೆ ಸಿಕ್ಕಿಕೊಂಡ ಕಾರಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ವೇಗ ಇಳಿಯಿತು, ನಿಜ, ಲಾರಿ ಇಳಿಯಿತೇ? ಅದು ಇನ್ನೂ ಘಾಟಿ ಹತ್ತುತ್ತಲೇ ಇದೆ. ಮೀಟರ್ ನೋಡುವವನಿಗೆ ಇಳಿಕೆ, ಕಿಟಕಿಯಾಚೆಯ ಕಣಿವೆ ನೋಡುವವನಿಗೆ ಏರಿಕೆ. ಸುದ್ದಿಯವರು ಮೀಟರ್ ನೋಡುತ್ತಾರೆ, ನಾವು ಚೀಲ ಹಿಡಿದು ಕಿಟಕಿಯ ಬಳಿ ಕುಳಿತಿದ್ದೇವೆ. ಏರುತ್ತಲೇ ನಿಧಾನವಾಗುವುದು ಡಿಸ್‌ಇನ್‌ಫ್ಲೇಶನ್. ಲಾರಿ ತಿರುಗಿ ಗುಂಡ್ಯದ ಕಡೆಗೆ ಇಳಿದರೆ ಅದು ಡಿಫ್ಲೇಶನ್. ಎರಡಕ್ಕೂ ‘ಇಳಿಕೆ’ ಎಂದೇ ಬರೆದು ಕೈತೊಳೆದುಕೊಳ್ಳುವ ನಮ್ಮ ಕನ್ನಡ ಸುದ್ದಿಮನೆಗಳ ಮೇಲೆ ನನಗೆ ಸ್ವಲ್ಪ ಮುನಿಸಿದೆ.

ಲೆಕ್ಕವನ್ನೇ ನೋಡೋಣ. ಭಾರತದ ಸರಾಸರಿ ಚಿಲ್ಲರೆ ಹಣದುಬ್ಬರ 2022-23ರಲ್ಲಿ ಶೇ 6.7, 2023-24ರಲ್ಲಿ ಶೇ 5.4, 2024-25ರಲ್ಲಿ ಶೇ 4.6. ತಲೆಬರಹದ ಪ್ರಕಾರ ಸತತ ಇಳಿಕೆ. ಆದರೆ 2021-22ರಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ಸರಾಸರಿ ಬುಟ್ಟಿಗೆ ಕ್ರಮವಾಗಿ 106 ರೂಪಾಯಿ 70 ಪೈಸೆ, ಸುಮಾರು 112 ರೂಪಾಯಿ 50 ಪೈಸೆ, ಕೊನೆಗೆ ಸುಮಾರು 117 ರೂಪಾಯಿ 60 ಪೈಸೆ ಬೇಕಾಯಿತು.

ಘಾಟಿಯಲ್ಲೇ ಸಮಯ ಹೋದುದರಿಂದ, ಇಂಥ ಸುದ್ದಿಗಳಲ್ಲೇ ಬರುವ ರೆಪೊ, ಬೇಸಿಸ್ ಪಾಯಿಂಟ್ ಎಂಬ ಇನ್ನೆರಡು ಪದಗಳನ್ನು ಒಟ್ಟಿಗೆ ಮುಗಿಸುತ್ತೇನೆ. ರೆಪೊ ಎಂಬುದು ‘ರೀಪರ್ಚೇಸ್’ ಪದದ ಮೊಟಕು ರೂಪ: ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ಹಣ ಪಡೆದು, ಗೊತ್ತಾದ ದಿನ ತುಸು ಹೆಚ್ಚು ಕೊಟ್ಟು ಮರಳಿ ಕೊಳ್ಳುತ್ತವೆ, ಹೆಚ್ಚು ಕಡಿಮೆ ನಮ್ಮ ಗಿರವಿ ಅಂಗಡಿಯ ವ್ಯವಹಾರವೇ. ಆ ಬಡ್ಡಿಯ ದರ 2025ರ ಫೆಬ್ರುವರಿಯಲ್ಲಿ ಶೇ 6.50ರಿಂದ 6.25ಕ್ಕೆ ಬಂದಾಗ ‘25 ಬೇಸಿಸ್ ಪಾಯಿಂಟ್’ ಕಡಿತ ಎಂದರು. ಒಂದು ಬೇಸಿಸ್ ಪಾಯಿಂಟ್ ಎಂದರೆ ಶೇಕಡಾ ಒಂದರ ನೂರನೇ ಒಂದು ಭಾಗ. ‘ಶೇ 0.25 ಕಡಿತ’ ಎಂದು ಬರೆದರೆ, ಶಬ್ದಾರ್ಥ ಹಿಡಿದು ಲೆಕ್ಕ ಹಾಕುವವನಿಗೆ 6.50ರಲ್ಲಿ ಶೇ 0.25, ಅಂದರೆ ಬರೀ 0.016ರಷ್ಟು ಇಳಿಕೆ ಸಿಗುತ್ತದೆ. ಈ ಗೊಂದಲ ಬೇಡವೆಂದೇ ಆ ಪದವನ್ನು ಇಟ್ಟುಕೊಂಡಿದ್ದಾರೆ.