ತಡವಾಗಿ ಬಂದವರು ಮಾಮ್ಸ್ ಮೇಬ್ಲಿ ಅಲ್ಲ

ನಮಸ್ಕಾರ. ಮಾಮ್ಸ್ ಮೇಬ್ಲಿ ಅವರನ್ನು ಪರಿಚಯಿಸುವವರು ಸಾಮಾನ್ಯವಾಗಿ ‘ಇಳಿವಯಸ್ಸಿನಲ್ಲಿ ಬೆಳಕಿಗೆ ಬಂದ ಹಾಸ್ಯ ಕಲಾವಿದೆ’ ಎನ್ನುತ್ತಾರೆ. ಈ ಮಾತಿಗೆ ನನ್ನ ತಕರಾರಿದೆ. 1960ರ ದಶಕದಲ್ಲಿ ಅಮೆರಿಕದ ಬಿಳಿಯರು ಧ್ವನಿಮುದ್ರಿಕೆಗಳ ಮೂಲಕ, ಟೆಲಿವಿಷನ್ ಮೂಲಕ ಅವರನ್ನು ಗುರುತಿಸುವ ಹೊತ್ತಿಗೆ, ಅವರು ಕಪ್ಪು ಜನರ ರಂಗಮಂದಿರಗಳಲ್ಲಿ ದಶಕಗಳ ಕಾಲ ದುಡಿದಾಗಿತ್ತು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಅವರ ಹೆಸರು ಮನೆಮಾತಾಗಿತ್ತು.

ನಾರ್ತ್ ಕ್ಯಾರೊಲೈನಾದ ಬ್ರೆವಾರ್ಡ್ ಎಂಬ ಊರಿನಲ್ಲಿ ಹುಟ್ಟಿದ ಲೊರೆಟ್ಟಾ ಮೇರಿ ಏಕನ್ (ಇದು ಅವರ ಮೂಲ ಹೆಸರು) ಹದಿಹರೆಯದಲ್ಲೇ ಮನೆ ಬಿಟ್ಟು ರಂಗಭೂಮಿ ಸೇರಿದವರು. ಮೇಬ್ಲಿ ಎಂಬುದು ಹಳೆಯ ಪ್ರಿಯಕರನ ಹೆಸರು. ತನ್ನಿಂದ ಅಷ್ಟೆಲ್ಲ ಕಿತ್ತುಕೊಂಡವನಿಂದ ಹೆಸರನ್ನಾದರೂ ತೆಗೆದುಕೊಳ್ಳಬಾರದೇ ಎಂದು ಅವರು ನಗಿಸುತ್ತಿದ್ದರು.

ಮಾಸಿದ ಹೂಹೂವಿನ ನಿಲುವಂಗಿ, ಜೋಲುಬಿದ್ದ ಟೊಪ್ಪಿಗೆ, ಹಲ್ಲಿಲ್ಲದ ಬಾಯಿ: ವೇದಿಕೆಗೆ ಬರುತ್ತಿದ್ದವಳು ಈ ಮುದುಕಿ. ಅಜ್ಜಿಯಲ್ಲವೇ, ಏನಾದರೂ ಅನ್ನಲಿ ಎಂದು ಜನ ಬಿಟ್ಟುಕೊಟ್ಟ ಸಲುಗೆಯಲ್ಲೇ ಆಕೆ ಅಮೆರಿಕದ ದಕ್ಷಿಣ ರಾಜ್ಯಗಳ ವರ್ಣಭೇದವನ್ನು ಎತ್ತಿ ಆಡುತ್ತಿದ್ದಳು. ಕೆಂಪು ದೀಪವಿದ್ದರೂ ಗಾಡಿ ನುಗ್ಗಿಸಿದ್ದಕ್ಕೆ ಪೊಲೀಸನೊಬ್ಬ ತಡೆದನಂತೆ. ಬಿಳಿಯರೆಲ್ಲ ಹಸಿರು ದೀಪಕ್ಕೆ ಹೋಗುವುದನ್ನು ಕಂಡು, ಕೆಂಪು ನಮ್ಮವರಿಗಿರಬೇಕು ಎಂದುಕೊಂಡೆ ಎಂದಳಂತೆ ಅಜ್ಜಿ. ಬಸ್ಸಿನ ಆಸನದಿಂದ ನೀರಿನ ನಲ್ಲಿಯವರೆಗೆ ಎಲ್ಲವನ್ನೂ ಬಣ್ಣ ನೋಡಿ ಹಂಚಿದ್ದ ನಾಡಿನಲ್ಲಿ ಆ ಅನುಮಾನ ಎಷ್ಟು ಸಹಜ ನೋಡಿ. ಇಂಥದ್ದನ್ನು ಎಳೆಯ ಹೆಣ್ಣೊಬ್ಬಳು ನೇರವಾಗಿ ಹೇಳಿದ್ದರೆ ಉದ್ಧಟತನವೆನಿಸುತ್ತಿತ್ತು. ಮುದುಕರ ಸಹವಾಸ ಬೇಡ, ಹುಡುಗರೇ ಬೇಕು ಎಂಬ ಆಕೆಯ ಚೇಷ್ಟೆಯೂ ಇದೇ ಸಲುಗೆಯ ಫಲ. ವೇಷ ಕಳಚಿದ ಮೇಲೆ ಮೇಬ್ಲಿ ಗಂಡಸರ ಸೊಗಸಾದ ಉಡುಪು ತೊಡುತ್ತಿದ್ದರು ಮತ್ತು ಅವರ ಒಲವು ಹೆಂಗಸರತ್ತ ಇತ್ತು ಎಂಬುದನ್ನು ತಿಳಿದಾಗ, ಆ ಅಜ್ಜಿಯನ್ನು ಎಷ್ಟು ಲೆಕ್ಕ ಹಾಕಿ ಕಟ್ಟಿದ್ದರೆಂಬುದು ಹೊಳೆಯುತ್ತದೆ.

1962ರಲ್ಲಿ ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್ ಅವರಿಗೆ ವೇದಿಕೆ ಕೊಟ್ಟಿತು. 1969ರಲ್ಲಿ, 70 ದಾಟಿದ ಮೇಲೆ, ಲಿಂಕನ್, ಕೆನಡಿ ಸೋದರರು ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯನ್ನು ನೆನೆಯುವ ಹಾಡೊಂದನ್ನು ನಗೆಯ ಸುಳಿವೂ ಇಲ್ಲದೆ ಹಾಡಿ, ಅಮೆರಿಕದ ಮೊದಲ 40 ಜನಪ್ರಿಯ ಗೀತೆಗಳ ಸಾಲಿಗೆ ಸೇರಿಸಿದರು. ಹಾಲಿವುಡ್ ಮಾತ್ರ ಅವರನ್ನು ಮುಖ್ಯ ಪಾತ್ರಕ್ಕೆ ಕರೆದದ್ದು 1974ರಲ್ಲಿ ತೆರೆಕಂಡ ಚಿತ್ರಕ್ಕೆ. ಚಿತ್ರೀಕರಣದ ನಡುವೆಯೇ ಹೃದಯಾಘಾತವಾಯಿತು. ಪೇಸ್‌ಮೇಕರ್ ಹಾಕಿಸಿಕೊಂಡು ಮರಳಿ ಬಂದು ಪಾತ್ರ ಮುಗಿಸಿಕೊಟ್ಟರು. ಮರುವರ್ಷ ತೀರಿಕೊಂಡರು. ಇಂಥವರನ್ನು ತಡವಾಗಿ ಅರಳಿದವರೆಂದು ಬರೆಯುವಾಗ, ಅಪೊಲೊದಲ್ಲಿ ಟಿಕೆಟ್ ಕೊಂಡು ಅಷ್ಟು ವರ್ಷ ನಕ್ಕವರನ್ನು ನಾವು ಪ್ರೇಕ್ಷಕರ ಲೆಕ್ಕಕ್ಕೇ ಹಿಡಿದಿಲ್ಲ.