ಕಾಡಲ್ಲಿ ಕೂತು ಚಿತ್ರ ಬಿಡಿಸೋದು: ನೆರಳು ಓಡುತ್ತೆ, ನೀವು ಹಿಂದೆ ಓಡ್ಬೇಡಿ

ಎಲ್ಲರಿಗೂ ನಮಸ್ಕಾರ. ಸ್ಲೈಡು ಗೀಡು ಏನೂ ತಂದಿಲ್ಲ, ನಾನು ಚಿತ್ರ ಬಿಡಿಸಿದ ಈ ಒಂದು ಹಲಗೆ ತಂದಿದೀನಿ, ಮುಂದಿನ ಸಾಲಿನೋರು ನೋಡ್ಕೊಂಡು ಹಿಂದಕ್ಕೆ ಪಾಸ್ ಮಾಡಿ. ಬಂಡೆ ನೆರಳು ಬಲಕ್ಕೆ ಬಿದ್ದಿದೆ, ಮರದ ನೆರಳು ಎಡಕ್ಕೆ ಬಿದ್ದಿದೆ, ಅಂದ್ರೆ ನನ್ನ ಕಾಡಿಗೆ ಎರಡು ಸೂರ್ಯ! ನಾನೇ ಮಾಡಿದ ಘನಕಾರ್ಯ ಇದು. ಬೆಳಗ್ಗೆ ಎಂಟಕ್ಕೆ ಬಂಡೆ ಶುರು ಮಾಡ್ದೆ, ಮರಕ್ಕೆ ಬರೋಷ್ಟರಲ್ಲಿ ಮಧ್ಯಾಹ್ನ ಮೂರು, ಕಣ್ಣಿಗೆ ಕಂಡಂಗೆ ಹಾಕ್ತಾ ಹೋದೆ, ಮನೆಗೆ ಬಂದು ಗೋಡೆಗೆ ಒರಗಿಸಿ ನೋಡಿದಾಗ್ಲೇ ಗೊತ್ತಾಗಿದ್ದು.

ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ, ನಮ್ಮ ಬ್ರಶ್‌ಗೋಸ್ಕರ ಕಾಯಲ್ಲ. ಅದಕ್ಕೇ ಮೊದಲ ಹತ್ತು ನಿಮಿಷ ಬಣ್ಣದ ತಂಟೆಗೆ ಹೋಗ್ಬೇಡಿ. ಕಣ್ಣು ಕಿರಿದು ಮಾಡಿ ನೋಡಿ, ಎಲೆ ಪಲೆ ಎಲ್ಲ ಮಾಯ ಆಗಿ ಬರೀ ಕತ್ತಲು ಬೆಳಕು ಉಳಿಯುತ್ತೆ, ಆ ಕತ್ತಲನ್ನ ತೆಳು ಕಂದು ಬಣ್ಣದಲ್ಲಿ ಒಂದೇ ಏಟಿಗೆ ಹಾಕ್ಬಿಡಿ. ಆಮೇಲೆ ಎದುರಿಗಿರೋ ನೆರಳು ಎಲ್ಲಿಗಾದ್ರೂ ಹೋಗ್ಲಿ, ಹಲಗೆ ಮೇಲಿಂದು ಅಲ್ಲಾಡಬಾರದು. ಎರಡು ಗಂಟೆ ಆದ್ಮೇಲೆ ಎದ್ಬಿಡಿ.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1890-91ರಲ್ಲಿ ಹುಲ್ಲಿನ ಬಣವೆಗಳನ್ನ ಬಿಡಿಸುವಾಗ ಹಲವು ಕ್ಯಾನ್ವಾಸ್ ಇಟ್ಕೊಂಡು ಬೆಳಕು ಬದಲಾದಂಗೆ ಒಂದು ಬಿಟ್ಟು ಇನ್ನೊಂದು ತಗೋತಿದ್ರು. ಬಣವೆ ಮನೆ ಹತ್ರಾನೇ ಇತ್ತು, ನಡೀತು. ಬೆಟ್ಟ ಹತ್ತೋರಿಗೆ ಆಗೋ ಮಾತಾ ಅದು? ಕೆನಡಾದ ಆಲ್ಗಾಂಕ್ವಿನ್ ಕಾಡಲ್ಲಿ ದೋಣಿ ಹಾಕ್ಕೊಂಡು ಸುತ್ತಿದ ಚಿತ್ರಕಾರ ಟಾಮ್ ಥಾಮ್ಸನ್ ಹಲಗೆಗಳು ಸುಮಾರು 21ಕ್ಕೆ 26 ಸೆಂಟಿಮೀಟರ್, ಅಷ್ಟೇ. ದೊಡ್ಡ ಚಿತ್ರಗಳನ್ನ ಚಳಿಗಾಲದಲ್ಲಿ ಸ್ಟುಡಿಯೋಲಿ ಕೂತು ಮಾಡ್ತಿದ್ರು. ನನ್ನ ಕೇಳಿದ್ರೆ ಚಿಕ್ಕ ಹಲಗೆಗಳಲ್ಲೇ ಜೀವ ಜಾಸ್ತಿ. ಇದೆಲ್ಲ ಸಲೀಸಾಗಿದ್ದು 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ್‍ಯಾಂಡ್ ಬಣ್ಣ ಹಿಂಡೋ ತವರದ ಟ್ಯೂಬಿಗೆ ಪೇಟೆಂಟ್ ತಗೊಂಡ ಮೇಲೆ, ಅದಕ್ಕೂ ಮುಂಚೆ ಎಣ್ಣೆಬಣ್ಣ ತುಂಬಿಡ್ತಿದ್ದಿದ್ದು ಹಂದಿ ಮೂತ್ರಕೋಶದಲ್ಲಿ, ಚುಚ್ಚಿ ಹಿಂಡೋದು, ಚೀಲದಲ್ಲಿ ಒಡೆದ್ರೆ ಕಥೆ ಮುಗೀತು.

ಇನ್ನು ಹಲಗೆ ಮೇಲೆ ನೇರ ಬಿಸಿಲು ಬೀಳೋಕೆ ಬಿಡ್ಬೇಡಿ. ಕಣ್ಣು ಕೋರೈಸಿ ಎಲ್ಲ ಬಣ್ಣನೂ ಗಾಢವಾಗಿ ಕಲಸ್ತೀರ, ಮನೆ ಒಳಗೆ ತಂದ್ರೆ ಕೆಸರು. ಟ್ಯೂಬಿನ ಹಸಿರು ಹಂಗೇ ಹಾಕಿದ್ರೆ ಪ್ಲಾಸ್ಟಿಕ್ ಗಿಡ, ಚೂರು ಕೆಂಪು ಸೇರಿಸಿ. ಗಾಳಿಗೆ ಈಸಲ್, ಅಂದ್ರೆ ಹಲಗೆ ನಿಲ್ಲಿಸೋ ಸ್ಟ್ಯಾಂಡು, ಬೀಳುತ್ತೆ, ಅಲ್ಲೇ ಕಲ್ಲು ಆರಿಸಿ ಚೀಲಕ್ಕೆ ಹಾಕಿ ಕೆಳಗೆ ನೇತುಹಾಕಿ. ಎಣ್ಣೆ ಒರೆಸಿದ ಬಟ್ಟೆ ಮಾತ್ರ ಅಲ್ಲಿ ಮುದ್ದೆ ಮಾಡಿ ಎಸೀಬೇಡಿ, ಅಗಸೆ ಎಣ್ಣೆ ಒಣಗ್ತಾ ತಾನೇ ಬಿಸಿಯಾಗಿ ಹೊತ್ಕೊಳ್ಳತ್ತೆ. ನೀರು ಹಾಕಿದ ಡಬ್ಬೀಲಿ ಮುಚ್ಚಿ ವಾಪಸ್ ತನ್ನಿ.

ಹುಳ ಹುಪ್ಪಟೆ ಅಂಟ್ಕೊಳ್ಳೋದಕ್ಕೆ ತಲೆ ಕೆಡಿಸ್ಕೋಬೇಡಿ. ವ್ಯಾನ್ ಗೋ 1889ರಲ್ಲಿ ಮಾಡಿದ ಆಲಿವ್ ಮರಗಳ ಚಿತ್ರದಲ್ಲಿ ಒಂದು ಮಿಡತೆ ಇದೆ, ಅಮೆರಿಕದ ಕ್ಯಾನ್ಸಸ್ ಸಿಟಿ ಮ್ಯೂಸಿಯಂನೋರು 2017ರಲ್ಲಿ ಹೇಳೋವರೆಗೂ ಯಾರಿಗೂ ಗೊತ್ತಿರ್ಲಿಲ್ಲ. ಹೊಟ್ಟೆ ಭಾಗ ಇಲ್ಲ, ಬಣ್ಣದಲ್ಲಿ ಒದ್ದಾಡಿದ ಗುರುತೂ ಇಲ್ಲ, ಅಂದ್ರೆ ಬೀಳೋ ಮೊದ್ಲೇ ಸತ್ತಿತ್ತು.

ಹಲಗೆ ಕೊನೇ ಸಾಲಿಗೆ ಬಂತಾ? ಕೆಳಗಡೆ ಮೂಲೇಲಿ ಬೆರಳಾಡಿಸಿ ನೋಡಿ, ಮರಳು ತಗಲುತ್ತೆ. ಅದೊಂದು ನಾನು ಹಾಕಿದ್ದಲ್ಲ.